ನಾಲ್ಕು ವರ್ಷ ಡಿಎಚ್‌ಎಸ್ ಡೇಟಾ ಬಳಸಿದ ಮೇಲೆ

ಡಿಎಚ್‌ಎಸ್ ಅಂದರೆ ಜನಸಂಖ್ಯೆ ಮತ್ತು ಆರೋಗ್ಯ ಸಮೀಕ್ಷೆ. ಅದರ ಡೇಟಾ ಬಳಸಲು ಶುರು ಮಾಡಿ ನಾಲ್ಕು ವರ್ಷ ಆಯಿತು. 1984ರಿಂದ 90ಕ್ಕೂ ಹೆಚ್ಚು ದೇಶಗಳಲ್ಲಿ ಮನೆಮನೆಗೆ ಹೋಗಿ ಹೆರಿಗೆ, ಲಸಿಕೆ, ಮಕ್ಕಳ ಬೆಳವಣಿಗೆ ಬಗ್ಗೆ ಕೇಳಿ ಬರೆದುಕೊಂಡಿದ್ದು ಇದರಲ್ಲಿದೆ. ದುಡ್ಡು ಕೊಡಬೇಕಿರಲಿಲ್ಲ. ಯಾತಕ್ಕೆ ಬೇಕು ಅಂತ ಬರೆದು ಕೊಟ್ಟೆ, ಅನುಮತಿ ಸಿಕ್ಕಿತು.

ಫೈಲು ಸಿಗುವುದು ಸುಲಭ. ಓದುವುದನ್ನು ಕಲಿಯಲು ಸಮಯ ಬೇಕು.

ವಯಸ್ಸಿಗೆ ತಕ್ಕ ಎತ್ತರ ಇಲ್ಲದ ಮಕ್ಕಳು ಎಷ್ಟು ಅಂತ ಲೆಕ್ಕ ಹಾಕಲು ಹೊರಟೆ. ನನ್ನ ಉತ್ತರಕ್ಕೂ ಅಚ್ಚಾದ ವರದಿಗೂ ತಾಳೆಯೇ ಆಗಲಿಲ್ಲ. ಮೊದಲ ತಪ್ಪು, ತೂಕ ಹಾಕದೇ ಇದ್ದದ್ದು. ಇದು ಮಗುವಿನ ತೂಕವಲ್ಲ, ಲೆಕ್ಕದಲ್ಲಿ ಪ್ರತಿ ಸಾಲಿಗೆ ಎಷ್ಟು ಬೆಲೆ ಕೊಡಬೇಕು ಅನ್ನುವ ಅಂಕಿ. ಕೆಲವು ಪ್ರದೇಶಗಳಲ್ಲಿ ಬೇಕೆಂದೇ ಜಾಸ್ತಿ ಮನೆಗಳನ್ನು ಆರಿಸಿರುತ್ತಾರೆ, ಅದನ್ನು ಸರಿದೂಗಿಸಲು ತೂಕ ಬೇಕು. ವಿ005 ಅನ್ನುವ ಕಾಲಂನಲ್ಲಿ ಅದು ಇದೆ, 10 ಲಕ್ಷದಿಂದ ಭಾಗಿಸಬೇಕು. ಎರಡನೆಯದು, 9996, 9998 ಅನ್ನುವ ಅಂಕಿಗಳನ್ನು ಅಳತೆ ಅಂದುಕೊಂಡದ್ದು. ಅವು ಅಳತೆಯಲ್ಲ, ಈ ಮಗುವಿನ ಲೆಕ್ಕ ನಂಬುವಂತಿಲ್ಲ ಅನ್ನುವ ಗುರುತು. ನಿಜವಾದ ಅಳತೆಯಲ್ಲಿ ದಶಾಂಶದ ಚುಕ್ಕೆ ಇರುವುದಿಲ್ಲ, ಮೈನಸ್ 200 ಅಂದರೆ ಮೈನಸ್ 2, ಅಂದರೆ ಆ ವಯಸ್ಸಿಗೆ ಇರಬೇಕಾದ ಎತ್ತರಕ್ಕಿಂತ ಎರಡು ಪ್ರಮಾಣಿತ ವಿಚಲನೆಯಷ್ಟು (ಸ್ಟ್ಯಾಂಡರ್ಡ್ ಡೀವಿಯೇಶನ್) ಕಡಿಮೆ.

ಎರಡೂ ಸರಿ ಮಾಡಿದರೂ ಉತ್ತರ ಕೂಡಿ ಬರಲಿಲ್ಲ. ಫೈಲೇ ಬೇರೆ ಆಗಿತ್ತು. ನಾನು ತೆರೆದದ್ದು ಕೆಆರ್ ಫೈಲು. ಅದರಲ್ಲಿ ಇರುವುದು ಸಂದರ್ಶನ ಕೊಟ್ಟ ತಾಯಂದಿರ ಮಕ್ಕಳು ಮಾತ್ರ. ತಾಯಿ ತೀರಿಕೊಂಡು ಅಜ್ಜಿಯ ಜೊತೆ ಇರುವ ಮಗು ಅಲ್ಲಿ ಇಲ್ಲವೇ ಇಲ್ಲ! ಮನೆಯ ಎಲ್ಲ ಸದಸ್ಯರೂ ಇರುವ ಪಿಆರ್ ಫೈಲಿನಲ್ಲಿ ಅದು ಇದೆ, ವಯಸ್ಸಿಗೆ ತಕ್ಕ ಎತ್ತರದ ಅದರ ಅಳತೆ ಎಚ್‌ಸಿ70 ಕಾಲಂನಲ್ಲಿದೆ. ವರದಿಯ ಲೆಕ್ಕ ಅಲ್ಲಿಂದ ಬಂದದ್ದು. ಆ ಸಾಲು ಕಣ್ಣಿಗೆ ಬಿದ್ದ ದಿನ ನನಗೆ ತುಂಬಾ ಸಂಕಟವಾಯಿತು. ಎಲ್ಲರಿಗಿಂತ ಹೆಚ್ಚು ಗಮನ ಬೇಕಾದ ಮಗುವನ್ನೇ ಎಣಿಕೆಯಿಂದ ಬಿಟ್ಟಿದ್ದೆ. ಈಗ ಯಾವ ಫೈಲು ತೆರೆದರೂ ಒಂದು ಸಾಲು ಅಂದರೆ ಯಾರು ಅಂತ ಮೊದಲು ನೋಡುತ್ತೇನೆ. ವರದಿಯ ಒಂದು ಅಂಕಿಯಾದರೂ ನನ್ನ ಕೈಯಲ್ಲಿ ಹಾಗೇ ಬರುವವರೆಗೆ ನನ್ನ ಸ್ವಂತ ಲೆಕ್ಕಕ್ಕೆ ಕೈ ಹಾಕುವುದಿಲ್ಲ.

ನಕ್ಷೆ ಮಾಡುವವರು ಗಮನಿಸಿ. ಜನರ ಗುರುತು ಸಿಗಬಾರದು ಅಂತ ಸಮೀಕ್ಷೆ ನಡೆದ ಜಾಗವನ್ನು ನಗರದಲ್ಲಿ 2 ಕಿ.ಮೀ.ವರೆಗೆ, ಹಳ್ಳಿಯಲ್ಲಿ 5 ಕಿ.ಮೀ.ವರೆಗೆ, ಕೆಲವು ಕಡೆ 10 ಕಿ.ಮೀ.ವರೆಗೂ ಸರಿಸಿರುತ್ತಾರೆ. ಒಳ್ಳೆಯ ಕ್ರಮವೇ. ಆದರೆ ಅದನ್ನು ಹಿಡಿದು ಆಸ್ಪತ್ರೆ ಎಷ್ಟು ದೂರ ಅಂತ ಅಳೆಯಲು ಹೋಗಬೇಡಿ.

ಎಲ್ಲ ದೇಶಕ್ಕೂ ಕಾಲಂ ಹೆಸರು ಹೆಚ್ಚು ಕಡಿಮೆ ಒಂದೇ, ಹಾಗಾಗಿ ಒಮ್ಮೆ ಕಲಿತರೆ ಬೇರೆ ದೇಶದ ಫೈಲಿಗೂ ಆಗುತ್ತದೆ. 2025ರಲ್ಲಿ ಈ ಸಮೀಕ್ಷೆಗೆ ಸಿಗುತ್ತಿದ್ದ ಅಮೆರಿಕದ ನೆರವು ನಿಂತಾಗ ಇದರ ಗತಿ ಏನು ಅಂತ ನಿಜಕ್ಕೂ ಹೆದರಿದ್ದೆ. ಡೇಟಾ ಇಳಿಸಿಕೊಳ್ಳುವಾಗಲೇ ಕೈಪಿಡಿಯನ್ನೂ ಪ್ರಶ್ನಾವಳಿಯನ್ನೂ ಅದರ ಪಕ್ಕದಲ್ಲೇ ಇಟ್ಟುಕೊಳ್ಳಿ. ಅವಿಲ್ಲದೆ ಆ ಕಾಲಂಗಳು ಬರೀ ಅಂಕಿ.