ತೋಟಕ್ಕೂ ಟಾರ್ಗೆಟ್ಟಿಗೂ ಒಂದೇ ಸ್ಕೋಪ್: ನಾಲ್ಕನ್ನು ಹಾಕಿ ನೋಡಿದ್ದು

ಏರ್ ಗನ್‌ಗೆ ಸ್ಕೋಪ್ (ಗುರಿ ನೋಡುವ ದುರ್ಬೀನು) ಕೊಳ್ಳಲು ಹೊರಟವರು ಮೊದಲು ಕೇಳುವುದು "ಎಷ್ಟು ಜೂಮ್ ಇದೆ?" ಅಂತ. ನನ್ನ ಲೆಕ್ಕದಲ್ಲಿ ಅದು ಮೂರನೇ ಪ್ರಶ್ನೆ. ಹತ್ತು ಮೀಟರ್ ದೂರದ್ದನ್ನು ಇದು ಸ್ಪಷ್ಟವಾಗಿ ತೋರಿಸುತ್ತಾ ಅನ್ನುವುದು ಮೊದಲನೆಯದು. ಸ್ಪ್ರಿಂಗ್ ಗನ್ನಿನ ಒದೆತ ತಡೆಯುತ್ತಾ ಅನ್ನುವುದು ಎರಡನೆಯದು. ಇವೆರಡಕ್ಕೆ ಹೌದು ಅನ್ನದ ಸ್ಕೋಪ್ 24 ಪಟ್ಟು ದೊಡ್ಡದು ಮಾಡಿ ತೋರಿಸಿದರೂ ನಮ್ಮ ಕೆಲಸಕ್ಕೆ ಬರಲ್ಲ.

ಸ್ಕೋಪಿನ ಡಬ್ಬಿಗಳ ಮೇಲೆ 'ಹಂಟಿಂಗ್' ಅಂತ ದೊಡ್ಡದಾಗಿ ಬರೆದಿರುತ್ತದೆ. ಅದು ಬೇರೆ ದೇಶದವರಿಗೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆ ಅಪರಾಧ. ಮೊಲ, ಕೌಜುಗ, ನವಿಲು ಯಾವುದಕ್ಕೂ ಏರ್ ಗನ್ ಎತ್ತುವ ಹಾಗಿಲ್ಲ. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದಲ್ಲಿ ಕೊಂಡುಕುರಿಗೆ ಅಂತಲೇ ವನ್ಯಧಾಮ ಇದೆ, ಆ ಕಡೆ ಗನ್ ಹಿಡಿದು ಓಡಾಡುವ ಯೋಚನೆಯೂ ಬೇಡ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ .177 ಇಂಚು (4.5 ಮಿ.ಮೀ) ಬೋರಿನ, 20 ಜೂಲ್ ಒಳಗಿನ ಏರ್ ಗನ್‌ಗೆ ಲೈಸೆನ್ಸ್ ಬೇಡ. ಲೈಸೆನ್ಸ್ ಬೇಡ ಅಂದರೆ ಹಕ್ಕಿ ಹೊಡೆಯಬಹುದು ಅಂತ ತಿಳಿದವರು ಊರಲ್ಲಿ ಇನ್ನೂ ಇದ್ದಾರೆ, ಅದಕ್ಕೇ ಇಷ್ಟು ಹೇಳಿದೆ.

ಹಾಗಾಗಿ ನನ್ನ 'ಬೇಟೆ' ಅಂದರೆ ತಗಡಿನ ಡಬ್ಬಿ, ಸೋಡಾ ಬಾಟಲಿ ಮುಚ್ಚಳ, ತಂತಿಗೆ ಕಟ್ಟಿದ ಗಿರಗಟ್ಟೆ. ನಮ್ಮ ಭಾವ ಅವನ್ನು ತೋಟದಲ್ಲಿ ಎಲ್ಲೆಲ್ಲೋ ಸಿಕ್ಕಿಸಿ ಬರುತ್ತಾರೆ. ದೂರ ಎಷ್ಟು ಅಂತ ಹೇಳುವುದಿಲ್ಲ. ಒಂದು ಹತ್ತು ಮೀಟರಿನಲ್ಲಿ ಇದ್ದರೆ ಇನ್ನೊಂದು ನಲವತ್ತರಲ್ಲಿ. ಬೇಟೆಯ ಸ್ಕೋಪಿಗೆ ಬೇಕಾದ ಗುಣಗಳೇ ಇಲ್ಲೂ ಬೇಕು: ಬೇಗ ಗುರಿ ಸಿಗಬೇಕು, ಮಬ್ಬು ಬೆಳಕಿನಲ್ಲಿ ಕಾಣಬೇಕು, ದೂರ ಬದಲಾದರೂ ನಂಬಿಕೆ ಇರಬೇಕು. ಜೊತೆಗೆ ಕಾಗದದ ಟಾರ್ಗೆಟ್ಟಿಗೆ 25 ಮೀಟರ್‌ನಲ್ಲಿ ಕೂತು ಹೊಡೆಯುವ ಚಟವೂ ನನಗಿದೆ. ಎರಡಕ್ಕೂ ಒಂದೇ ಸ್ಕೋಪ್ ಸಾಕಾಗುತ್ತಾ ಅಂತ ನೋಡುವುದು ಉದ್ದೇಶ.

ಜಾಗ ಚಿತ್ರದುರ್ಗದ ಭೀಮಸಮುದ್ರದ ಹತ್ತಿರದ ಅಡಿಕೆ ತೋಟ. ಅಡಿಕೆ ಸಾಲು ನೇರವಾಗಿರುತ್ತದೆ, ನಡುವೆ ಉದ್ದದ ಓಣಿ ತಾನಾಗಿಯೇ ಸಿಗುತ್ತದೆ. ಮಧ್ಯಾಹ್ನವೂ ಅಲ್ಲಿ ನೆರಳೇ. ಓಣಿಯ ಕೊನೆಯಲ್ಲಿ ಎತ್ತರದ ಮಣ್ಣಿನ ಬದು. ದುರ್ಗದವರಿಗೆ ಒಂದು ಮಾತು: ಬಂಡೆಗೆ ಒರಗಿಸಿ ಟಾರ್ಗೆಟ್ ಇಡಬೇಡಿ. ಸೀಸದ ಪೆಲೆಟ್ ಕಲ್ಲಿಗೆ ಬಡಿದು ಎಲ್ಲಿಗೆ ಹಾರುತ್ತದೆ ಅಂತ ಯಾರೂ ಹೇಳಲಾರರು. ಹಿಂದೆ ಮಣ್ಣು ಇರಲೇಬೇಕು. ಕಣ್ಣಿಗೆ ಕನ್ನಡಕವೂ ಇರಲಿ.

ಹಾಕಿ ನೋಡಿದ್ದು ನಾಲ್ಕು: ಗನ್ ಜೊತೆಗೇ ಬಂದ 4x32, ಸ್ನೇಹಿತನ ಹತ್ತಿರ ಇದ್ದ 3-9x40 ಬೇಟೆ ಸ್ಕೋಪ್, ಮುಂದಿನ ಗಾಜಿಗೆ ಫೋಕಸ್ ಬಳೆ ಇರುವ 4-12x40, ಮತ್ತೆ ಭಾರೀ ಗಾತ್ರದ 6-24x50. x ಮುಂಚಿನ ಅಂಕಿ ಎಷ್ಟು ಪಟ್ಟು ಅಂತ (3-9 ಅಂದರೆ ಮೂರರಿಂದ ಒಂಬತ್ತು ಪಟ್ಟು), x ಆದ ಮೇಲಿನದ್ದು ಮುಂದಿನ ಗಾಜಿನ ಅಗಲ, ಮಿಲಿಮೀಟರ್‌ನಲ್ಲಿ. ಕಂಪನಿ ಹೆಸರು ಬೇಕೆಂದೇ ಬಿಟ್ಟಿದ್ದೇನೆ. ಅಂಗಡಿಯಲ್ಲಿ ಸಿಗುವ ಬ್ರಾಂಡ್ ಬದಲಾಗುತ್ತಿರುತ್ತದೆ, ಈ ಅಂಕಿಗಳ ಅರ್ಥ ಬದಲಾಗುವುದಿಲ್ಲ.

3-9x40 ನೋಡಲು ಬಹಳ ಚೆಂದ. ಗಾಜು ಸ್ಪಷ್ಟ, ಬೆಳಕು ಧಾರಾಳ. ಆದರೆ ಅದನ್ನು ತಯಾರಿಸಿದ್ದು ದೊಡ್ಡ ರೈಫಲ್ಲಿಗೆ. ಅಂಥ ಸ್ಕೋಪಿನ ಫೋಕಸ್ ಕಾರ್ಖಾನೆಯಲ್ಲೇ ಸುಮಾರು 100 ಗಜಕ್ಕೆ ಕೂರಿಸಿರುತ್ತಾರೆ, ಅಂದರೆ 91 ಮೀಟರ್. ನಾವು ಹೊಡೆಯುವುದು ಹತ್ತರಿಂದ ನಲವತ್ತು ಮೀಟರ್. ಹತ್ತು ಮೀಟರಿನ ಡಬ್ಬಿ 9 ಪಟ್ಟಿನಲ್ಲಿ ಮಂಜು ಮಂಜು. ಮಂಜಾದರೂ ಹೊಡೆಯಬಹುದು ಬಿಡಿ. ಅಸಲಿ ತೊಂದರೆ ಪ್ಯಾರಲಾಕ್ಸ್, ಅಂದರೆ ಕಣ್ಣು ಸರಿದರೆ ಕ್ರಾಸ್‌ಹೇರ್ (ಸ್ಕೋಪಿನೊಳಗಿನ ಗುರಿಯ ಕೂಡುಗೆರೆ) ಕೂಡ ಗುರಿಯ ಮೇಲೆ ಸರಿದಂತೆ ಕಾಣುವುದು.

ಇದನ್ನು ಮನೆಯಲ್ಲೇ ಪರೀಕ್ಷೆ ಮಾಡಬಹುದು. ಹಳೇ ಜೀನ್ಸಿನ ಕಾಲು ಕತ್ತರಿಸಿ ಮರಳು ತುಂಬಿ ಹೊಲಿದ ಚೀಲ ನನ್ನದು. ಅದರ ಮೇಲೆ ಖಾಲಿ ಗನ್ ಕೂರಿಸಿ ಕ್ರಾಸ್‌ಹೇರನ್ನು 25 ಮೀಟರಿನ ಕಪ್ಪು ಚುಕ್ಕೆಗೆ ಹೊಂದಿಸಿ. ಆಮೇಲೆ ಕೈ ಬಿಟ್ಟು ತಲೆ ಮಾತ್ರ ಸ್ವಲ್ಪ ಮೇಲೆ ಕೆಳಗೆ, ಆಚೆ ಈಚೆ ಆಡಿಸಿ. ಗನ್ ಅಲ್ಲಾಡಿಲ್ಲ, ಆದರೂ ಕ್ರಾಸ್‌ಹೇರ್ ಚುಕ್ಕೆಯ ಮೇಲೆ ಹರಿದಾಡುತ್ತದೆ. ಎಷ್ಟು ಹರಿದಾಡಬಹುದು ಅನ್ನುವುದಕ್ಕೆ ಸರಳ ಲೆಕ್ಕ ಇದೆ. ಗಾಜಿನ ಅರ್ಧ ಅಗಲ 20 ಮಿ.ಮೀ. ಫೋಕಸ್ ದೂರಕ್ಕೂ ಗುರಿಯ ದೂರಕ್ಕೂ ಇರುವ ವ್ಯತ್ಯಾಸ 66 ಮೀಟರ್, ಅದನ್ನು 91ರಿಂದ ಭಾಗಿಸಿ 20ರಿಂದ ಗುಣಿಸಿ. ಹದಿನಾಲ್ಕೂವರೆ ಮಿ.ಮೀ. ಕಣ್ಣು ಪೂರ್ತಿ ಅಂಚಿಗೆ ಸರಿದಾಗ ಅಷ್ಟು. ಗನ್ ಪ್ರತಿಸಲ ಎತ್ತಿ ಕೆನ್ನೆ ಇಟ್ಟಾಗ ಕಣ್ಣು ಅದೇ ಜಾಗಕ್ಕೆ ಬರುವುದಿಲ್ಲ ಅಲ್ವಾ? ಹಾಗಾಗಿ ಒಳ್ಳೇ ಗನ್, ಒಳ್ಳೇ ಪೆಲೆಟ್ ಇದ್ದರೂ ಪೆಟ್ಟುಗಳು ಚೆಲ್ಲಾಪಿಲ್ಲಿ. ಸೋಡಾ ಮುಚ್ಚಳದ ಅಗಲವೇ ಸುಮಾರು 30 ಮಿ.ಮೀ ಅನ್ನುವುದು ನೆನಪಿರಲಿ.

ಅದಕ್ಕಿಂತ ದೊಡ್ಡ ತಕರಾರು ಒದೆತದ್ದು. ದೊಡ್ಡ ರೈಫಲ್ ಹಿಂದಕ್ಕೆ ಮಾತ್ರ ಒದೆಯುತ್ತದೆ. ಸ್ಪ್ರಿಂಗ್ ಏರ್ ಗನ್ ಎರಡು ಸಲ ಒದೆಯುತ್ತದೆ. ಒಳಗಿನ ಪಿಸ್ಟನ್ ಮುಂದೆ ನುಗ್ಗುವಾಗ ಗನ್ ಹಿಂದಕ್ಕೆ, ಪಿಸ್ಟನ್ ಕೊನೆ ಮುಟ್ಟಿ ಬಡಿದಾಗ ಗನ್ ಮುಂದಕ್ಕೆ. ಹಿಂದಕ್ಕೆ ಒದೆಯುವುದನ್ನು ಮಾತ್ರ ತಡೆಯಲು ಕಟ್ಟಿದ ಸ್ಕೋಪ್ ಈ ಮುಂದಿನ ಪೆಟ್ಟಿಗೆ ಒಳಗೊಳಗೇ ಸಡಿಲವಾಗುತ್ತದೆ. ನಾವು ನೋಡಿದ್ದೂ ಅದೇ. ಮೊದಲು ಜೀರೋ, ಅಂದರೆ ಗುರಿ ಇಟ್ಟಲ್ಲೇ ಪೆಟ್ಟು ಬೀಳುವ ಹಾಗೆ ಮಾಡಿದ ಹೊಂದಿಕೆ, ನಿಲ್ಲಲಿಲ್ಲ. ಆಮೇಲೆ ನೆಟ್ಟಗಿದ್ದ ಕ್ರಾಸ್‌ಹೇರ್ ಓರೆಯಾಯಿತು. ಸ್ನೇಹಿತ ನಕ್ಕು ಸುಮ್ಮನಾದ, ಅದು ಅವನ ದೊಡ್ಡತನ. ಡಬ್ಬಿಯ ಮೇಲೆ ಸ್ಪ್ರಿಂಗ್ ಏರ್ ಗನ್ನಿಗೆ ಆಗುತ್ತದೆ ಅಂತ ಸ್ಪಷ್ಟವಾಗಿ ಬರೆದಿದ್ದರೆ ಮಾತ್ರ ಹಾಕಿ. ನಿಮ್ಮದು ಗಾಳಿ ತುಂಬುವ ಪಿಸಿಪಿ ಆದರೆ ಈ ಚಿಂತೆ ಇಲ್ಲ, ಅದರಲ್ಲಿ ಒದೆತವೇ ಕಮ್ಮಿ.

4-12x40 ಹಾಕಿದಾಗ ವ್ಯತ್ಯಾಸ ತಕ್ಷಣ ಗೊತ್ತಾಯಿತು. ಮುಂದಿನ ಗಾಜಿನ ಸುತ್ತ ತಿರುಗಿಸುವ ಬಳೆ ಇದೆ. ಹತ್ತು ಗಜದಿಂದ ಶುರುವಾಗಿ ಅನಂತದವರೆಗೆ ಗುರುತುಗಳು. ಬಳೆ ತಿರುಗಿಸುತ್ತಾ ಹೋದರೆ ತಲೆ ಆಡಿಸಿದರೂ ಕ್ರಾಸ್‌ಹೇರ್ ಕದಲದ ಒಂದು ಜಾಗ ಸಿಗುತ್ತದೆ. ಆ ಜಾಗವೇ ಸರಿಯಾದ ಫೋಕಸ್. ಕಂಪನಿ ಬರೆದ ಅಂಕಿ ಪೂರ್ತಿ ನಂಬುವಂತಿಲ್ಲ. 25 ಅಂತ ಇಟ್ಟರೆ ನಿಜವಾಗಿ ಬೇರೆ ಎಲ್ಲೋ ಇರುತ್ತದೆ. ನಾನು ಬಳೆಯ ಸುತ್ತ ಬಿಳಿ ಟೇಪ್ ಸುತ್ತಿ, ಅಳತೆ ಟೇಪು ಹಿಡಿದು ದೂರ ಅಳೆದು, ಪೆನ್ನಿನಲ್ಲಿ ನನ್ನದೇ ಗೆರೆ ಹಾಕಿಕೊಂಡೆ: 10, 18, 25, 40 ಮೀಟರ್. ಇದರಿಂದ ಇನ್ನೊಂದು ಉಪಯೋಗವೂ ಆಯಿತು. ಭಾವ ಎಲ್ಲೋ ಇಟ್ಟ ಡಬ್ಬಿ ಸ್ಪಷ್ಟವಾಗುವವರೆಗೆ ಬಳೆ ತಿರುಗಿಸಿ ಗೆರೆ ನೋಡಿದರೆ ದೂರ ಅಂದಾಜಿಗೆ ಸಿಗುತ್ತದೆ.

ದೂರ ತಿಳಿಯುವುದು ಏಕೆ ಮುಖ್ಯ ಅಂದರೆ ಏರ್ ಗನ್ ಪೆಲೆಟ್ ಬೇಗ ಇಳಿಯುತ್ತದೆ. ಸ್ಕೋಪ್ ಬ್ಯಾರಲ್‌ಗಿಂತ ನಾಲ್ಕು ಸೆಂಟಿಮೀಟರ್ ಮೇಲೆ ಕೂತಿದೆ. 25 ಮೀಟರ್‌ಗೆ ಜೀರೋ ಮಾಡಿದರೆ ನನ್ನ ಗನ್ನಿನಲ್ಲಿ ಹತ್ತು ಮೀಟರಿನಲ್ಲಿ ಪೆಟ್ಟು ಸ್ವಲ್ಪ ಕೆಳಗೆ, ನಲವತ್ತರಲ್ಲಿ ಐದು ಸೆಂಟಿಮೀಟರಿನಷ್ಟು ಕೆಳಗೆ. ಹತ್ತಿರದ್ದೂ ಕೆಳಗೇ ಬೀಳುವುದು ಹೊಸಬರಿಗೆ ವಿಚಿತ್ರ ಅನ್ನಿಸುತ್ತದೆ. ಇಲ್ಲಿ ಮಿಲ್-ಡಾಟ್, ಅಂದರೆ ಕ್ರಾಸ್‌ಹೇರಿನ ಗೆರೆಗಳ ಮೇಲಿನ ಸಮದೂರದ ಚುಕ್ಕೆಗಳು, ಕೆಲಸಕ್ಕೆ ಬರುತ್ತದೆ. ಒಂದು ಚುಕ್ಕೆಯಿಂದ ಇನ್ನೊಂದಕ್ಕೆ 100 ಮೀಟರಿನಲ್ಲಿ 10 ಸೆಂ.ಮೀ, 40 ಮೀಟರಿನಲ್ಲಿ 4. ಹಾಗಾಗಿ ನಲವತ್ತಕ್ಕೆ ಒಂದು ಚುಕ್ಕೆ, ಅದರ ಮೇಲೆ ಸ್ವಲ್ಪ. ಆದರೆ ಸಾಮಾನ್ಯ ಸ್ಕೋಪುಗಳಲ್ಲಿ ಈ ಲೆಕ್ಕ ಯಾವುದೋ ಒಂದೇ ಜೂಮಿನಲ್ಲಿ ಸರಿ ಇರುತ್ತದೆ, ಎಷ್ಟು ಅಂತ ಕೈಪಿಡಿಯಲ್ಲಿ ಕೊಟ್ಟಿರುತ್ತಾರೆ. ಜೂಮ್ ಬದಲಿಸಿದರೆ ಚುಕ್ಕೆಯ ಲೆಕ್ಕ ಕೆಡುತ್ತದೆ. ನಾನು ಡಬ್ಬಿ ಆಟಕ್ಕೆ ಜೂಮ್ ಮುಟ್ಟುವುದೇ ಇಲ್ಲ.

ಇದರ ಕೊರತೆ? ಗನ್ ಭುಜಕ್ಕೆ ಇಟ್ಟ ಮೇಲೆ ಮುಂದಿನ ಬಳೆಗೆ ಕೈ ಚಾಚಬೇಕು, ಹಿಡಿತ ಕೆಡುತ್ತದೆ. ಬಳೆ ಬಿಗಿಯಾಗಿಯೂ ಇದೆ.

6-24x50ರಲ್ಲಿ ಅದೇ ಫೋಕಸ್ ಪಕ್ಕದ ಗುಂಡಿಯಲ್ಲಿದೆ, ಎಡಗೈಗೆ ಸುಲಭ. ಮರಳಿನ ಚೀಲದ ಮೇಲೆ ಇಟ್ಟು ಕಾಗದಕ್ಕೆ ಹೊಡೆಯಲು ಇದರಷ್ಟು ಸುಖ ಬೇರೆ ಇಲ್ಲ. ಪೆಲೆಟ್ ತೂತು ಕೂತಲ್ಲೇ ಕಾಣುತ್ತದೆ, ಎದ್ದು ಹೋಗುವ ಕೆಲಸವಿಲ್ಲ. ಆದರೆ ತೋಟಕ್ಕೆ ತಂದರೆ ಹೊರೆ. 50 ಮಿ.ಮೀ ಗಾಜು ಬ್ಯಾರಲ್ಲಿಗೆ ತಾಗದಿರಲು ಎತ್ತರದ ಮೌಂಟ್ ಬೇಕು, ಆಗ ಕೆನ್ನೆಗೆ ಆಸರೆ ತಪ್ಪುತ್ತದೆ. ಕಡಿಮೆ ಅಂದರೆ 6 ಪಟ್ಟು, ಹತ್ತು ಮೀಟರಿನಲ್ಲಿ ಅರ್ಧ ಮೀಟರಿನ ಆಸುಪಾಸು ಜಾಗ ಮಾತ್ರ ಕಾಣುತ್ತದೆ. ಅಡಿಕೆ ಮರದ ಕಾಂಡಗಳೇ ಕಣ್ಣಿಗೆ ಬೀಳುತ್ತವೆ, ಡಬ್ಬಿ ಹುಡುಕುವುದು ಹುಲ್ಲಿನ ಬಣವೆಯಲ್ಲಿ ಸೂಜಿ ಹುಡುಕಿದ ಹಾಗೆ.

ಸಂಜೆ ಇನ್ನೂ ಕಷ್ಟ. ಸ್ಕೋಪನ್ನು ತೋಳು ಚಾಚಿ ದೂರ ಹಿಡಿದರೆ ಹಿಂದಿನ ಗಾಜಿನಲ್ಲಿ ಒಂದು ಬಿಳಿ ಚುಕ್ಕೆ ಕಾಣುತ್ತದೆ. ಗಾಜಿನ ಅಗಲವನ್ನು ಜೂಮಿನಿಂದ ಭಾಗಿಸಿದರೆ ಅದರ ಗಾತ್ರ. 6-24x50ರ 24ರಲ್ಲಿ 2 ಮಿ.ಮೀ, 4-12x40ರ 12ರಲ್ಲಿ 3.3, ಅದೇ 4-12ನ್ನು 4ಕ್ಕೆ ಇಳಿಸಿದರೆ 10. ಕತ್ತಲಾಗುವಾಗ ಕಣ್ಣಿನ ಪಾಪೆ 5-6 ಮಿ.ಮೀ ಅಗಲವಾಗುತ್ತದೆ, ಅಲ್ಲಿಗೆ 2 ಮಿ.ಮೀ ಬೆಳಕು ಸಾಕಾಗಲ್ಲ. ಐದೂವರೆ ದಾಟಿದರೆ ಅಡಿಕೆ ಓಣಿಯಲ್ಲಿ 24 ಪಟ್ಟು ಅನ್ನುವುದು ಬರೀ ಕಪ್ಪು. ಏಪ್ರಿಲ್-ಮೇ ಬಯಲಲ್ಲಿ ಬೇರೆ ಕಾಟ: ಹತ್ತು ಗಂಟೆಯ ಮೇಲೆ ನೆಲದ ಬಿಸಿಗಾಳಿ ಟಾರ್ಗೆಟ್ಟನ್ನೇ ಕುಣಿಸುತ್ತದೆ, ಜೂಮ್ ಹೆಚ್ಚಿದಷ್ಟೂ ಕುಣಿತ ಜಾಸ್ತಿ. ಆಷಾಢದ ಗಾಳಿಯ ಬಗ್ಗೆ ಹೇಳುವುದೇ ಬೇಡ. ದುರ್ಗದ ಜೋಗಿಮಟ್ಟಿ ಬೆಟ್ಟದ ಮೇಲೆ ಅಷ್ಟೊಂದು ಗಾಳಿಯಂತ್ರ ಸುಮ್ನೆ ನಿಲ್ಲಿಸಿಲ್ಲ. ಆ ಗಾಳಿಗೆ ಅರ್ಧ ಗ್ರಾಮಿನ ಪೆಲೆಟ್ ಪಕ್ಕಕ್ಕೆ ಸರಿಯುವುದನ್ನು ಯಾವ ಸ್ಕೋಪೂ ತಡೆಯದು.

ರೆಡ್ ಡಾಟ್ (ಜೂಮ್ ಇಲ್ಲದೆ ಬರೀ ಕೆಂಪು ಚುಕ್ಕೆ ತೋರಿಸುವ ಸೈಟ್) ಕೂಡ ಒಮ್ಮೆ ಹಾಕಿದೆವು. ಹತ್ತಿರದ ಡಬ್ಬಿಗೆ ಮಜಾ, ದೂರದ ಮುಚ್ಚಳಕ್ಕೆ ಆಗಲ್ಲ. ಮತ್ತೆ, ಮಕ್ಕಳನ್ನು 10 ಮೀಟರ್ ಏರ್ ರೈಫಲ್ ಸ್ಪರ್ಧೆಗೆ ಕಳಿಸುವ ಆಲೋಚನೆ ಇದ್ದವರು ಸ್ಕೋಪಿಗೆ ದುಡ್ಡು ಹಾಕಬೇಡಿ. ಅಲ್ಲಿ ಸ್ಕೋಪಿಗೆ ಅನುಮತಿಯೇ ಇಲ್ಲ, ತೂತಿನ ಸೈಟ್ ಮಾತ್ರ. ಹತ್ತು ಅಂಕದ ಚುಕ್ಕೆ ಅರ್ಧ ಮಿ.ಮೀ, ಅದನ್ನು ಬರೀ ತೂತಿನಲ್ಲಿ ನೋಡಿ ಹೊಡೆಯುತ್ತಾರೆ.

ಯಾವ ಸ್ಕೋಪ್ ತಂದರೂ ಮೌಂಟಿಗೆ ಜಿಪುಣತನ ಬೇಡ. ಏರ್ ಗನ್ನಿನ 11 ಮಿ.ಮೀ ಹಳಿಗೆ ಕೂರುವ, ಕೆಳಗೆ ತಡೆ ಮೊಳೆ ಇರುವ, ಒಂದೇ ತುಂಡಿನ ಮೌಂಟ್ ತೆಗೆದುಕೊಳ್ಳಿ. ಎರಡು ಬಿಡಿ ಉಂಗುರ ಹಾಕಿದರೆ ಒದೆತಕ್ಕೆ ಇಷ್ಟಿಷ್ಟೇ ಹಿಂದೆ ಸರಿಯುತ್ತದೆ. ಸ್ಕ್ರೂ ಬಿಗಿದ ಮೇಲೆ ಮೌಂಟಿನಿಂದ ಹಳಿಯ ಮೇಲಕ್ಕೆ ನೇಲ್ ಪಾಲಿಶಿನ ಒಂದು ಕೆಂಪು ಗೆರೆ ಎಳೆಯಿರಿ. ಗೆರೆ ಮುರಿದಿದ್ದರೆ ಸರಿದಿದೆ ಅಂತ ಅರ್ಥ. ಪೆಟ್ಟು ತಪ್ಪಿದಾಗಲೆಲ್ಲ ಟರೆಟ್ (ಗುರಿ ಹೊಂದಿಸುವ ಗುಂಡಿ) ತಿರುಗಿಸುವ ಮೊದಲು ಆ ಗೆರೆ ನೋಡಿ. ಕ್ಲಿಕ್ಕಿಗೆ ಕಾಲು ಎಂಒಎ ಸರಿಯುವ ಸ್ಕೋಪಿನಲ್ಲಿ (ಎಂಒಎ ಅಂದರೆ ಒಂದು ಡಿಗ್ರಿಯ ಅರವತ್ತನೇ ಭಾಗ) 25 ಮೀಟರಿಗೆ ಒಂದು ಕ್ಲಿಕ್ ಅಂದರೆ 1.8 ಮಿ.ಮೀ ಅಷ್ಟೇ. ಒಂದು ಸೆಂಟಿಮೀಟರಿಗೆ ಐದಾರು ಕ್ಲಿಕ್.

ನನ್ನ ಗನ್ನಿನ ಮೇಲೆ ಈಗ 4-12x40 ಇದೆ. ಡಬ್ಬಿಗೆ ಕಡಿಮೆ ಜೂಮ್, ಕಾಗದಕ್ಕೆ ಪೂರ್ತಿ ಹನ್ನೆರಡು. ಇದೇ ಬಳೆ ಇರುವ 3-9x40 ಕಡಿಮೆ ಬೆಲೆಗೆ ಸಿಕ್ಕರೆ ಅದನ್ನೂ ಧೈರ್ಯವಾಗಿ ಕೊಳ್ಳಬಹುದು. ಭಾವ ಮಾತ್ರ ಒಪ್ಪಿಲ್ಲ. ಗನ್ ಜೊತೆ ಬಂದ 4x32 ಅನ್ನೇ ಹಾಕಿಕೊಂಡಿದ್ದಾರೆ. ಹಗುರ, ಸಂಜೆಯಲ್ಲೂ 8 ಮಿ.ಮೀ ಬೆಳಕು. "ತಿರುಗಿಸೋಕೆ ಏನೂ ಇಲ್ದಿದ್ರೆ ಕೆಡೋಕೂ ಏನೂ ಇರಲ್ಲ ಕಣೋ" ಅನ್ನುತ್ತಾರೆ. ಇಪ್ಪತ್ತು ಮೀಟರ್ ಒಳಗಿನ ಡಬ್ಬಿಯಲ್ಲಿ ಅವರು ನನ್ನನ್ನು ಸೋಲಿಸುತ್ತಲೇ ಇದ್ದಾರೆ. ಅದರಾಚೆ ಇಡಲು ಅವರು ಒಪ್ಪುತ್ತಿಲ್ಲ.