ಕುಡಿತ ಬಿಡಿಸಲು ಅಡ್ಮಿಟ್ ಮಾಡಬೇಕಾ, ಓಪಿಡಿ ಸಾಕಾ? ಎರಡನ್ನೂ ನೋಡಿದ ಅಕ್ಕನ ಅನುಭವ

ನನ್ನ ತಮ್ಮ ಕುಡಿತ ಬಿಟ್ಟಿದ್ದಾನೆ ಅಂತ ಗೊತ್ತಾದ ಮೇಲೆ ಊರಿನವರು, ನಮ್ಮ ಶಾಲೆಯ ಮಕ್ಕಳ ತಾಯಂದಿರು ಕೇಳುವುದು ಒಂದೇ ಮಾತು: "ಮೇಡಂ, ಎಲ್ಲಿಗೆ ಸೇರಿಸಿದ್ರಿ?" ಅಡ್ಮಿಟ್ ಮಾಡಿದ್ದು ಬೆಂಗಳೂರಿನ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ವಿಭಾಗದಲ್ಲಿ. ಅಲ್ಲಿಂದ ಬಂದ ಮೇಲೆ ಇವತ್ತಿನವರೆಗೂ ನಡೆಯುತ್ತಿರುವುದು ನಮ್ಮ ತಾಲ್ಲೂಕು ಆಸ್ಪತ್ರೆಯ ಓಪಿಡಿ ಚಿಕಿತ್ಸೆ. ಅವನಿಗೆ ಎರಡೂ ಬೇಕಾಯಿತು. ಎಲ್ಲರಿಗೂ ಎರಡೂ ಬೇಕಿಲ್ಲ.

ನನ್ನ ತಮ್ಮ ಒಂದು ಕೊಬ್ಬರಿ ಮಂಡಿಯಲ್ಲಿ ಕೆಲಸ ಮಾಡುತ್ತಾನೆ. ಬೆಳಿಗ್ಗೆ ಎದ್ದರೆ ಕೈ ನಡುಕ. ಒಂದು ನೈಂಟಿ ಒಳಗೆ ಹೋಗದಿದ್ದರೆ ಕಾಫಿ ಲೋಟ ಹಿಡಿಯೋಕೂ ಆಗುತ್ತಿರಲಿಲ್ಲ. ಹಿಂದೊಮ್ಮೆ ಶಿವರಾತ್ರಿಗೆ ಅಂತ ತಾನೇ ಒಮ್ಮೆಲೇ ನಿಲ್ಲಿಸಿದ್ದ. ಮಾರನೇ ದಿನ ಫಿಟ್ಸ್ ಬಂತು. ನಿಮ್ಹಾನ್ಸ್ ವೈದ್ಯರು ಇದನ್ನು ಕೇಳಿದ ಕೂಡಲೇ ಅಡ್ಮಿಟ್ ಮಾಡಿ ಅಂದರು. ದಿನಾ ಜಾಸ್ತಿ ಕುಡಿಯುವವರು ದಿಢೀರ್ ಅಂತ ನಿಲ್ಲಿಸಿದರೆ ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡನೇ, ಮೂರನೇ ದಿನದ ಹೊತ್ತಿಗೆ ಕೆಲವರಿಗೆ ಬಾಯಿಗೆ ಬಂದ ಹಾಗೆ ಮಾತು, ಇಲ್ಲದ್ದು ಕಾಣುವುದು, ಹುಳ ಹರಿದಾಡಿದ ಹಾಗೆ ಅನ್ನಿಸುವುದು ಶುರುವಾಗುತ್ತದೆ. ನಮ್ಮ ಕಡೆ ಇದನ್ನು ಗಾಳಿ ಸೋಕಿದೆ ಅಂತ ದೇವಸ್ಥಾನಕ್ಕೆ ಕರೆದುಕೊಂಡು ಹೋಗುತ್ತಾರೆ. ಅದು ಜೀವಕ್ಕೇ ಅಪಾಯ ತರುವ ಸ್ಥಿತಿ. ಆಗ ಬೇಕಾಗಿರುವುದು ಆಸ್ಪತ್ರೆಯ ಹಾಸಿಗೆ.

ವಾರ್ಡಿನಲ್ಲಿ ನನಗೆ ತುಂಬಾ ಹಿಡಿಸಿದ್ದು ಮೊದಲ ವಾರದ ಆರೈಕೆ. ನಡುಕ, ಬೆವರು, ಬಿ.ಪಿ. ಪದೇ ಪದೇ ನೋಡಿ ಅದಕ್ಕೆ ತಕ್ಕಂತೆ ಮಾತ್ರೆ ಕೊಟ್ಟು, ದಿನದಿಂದ ದಿನಕ್ಕೆ ಇಳಿಸುತ್ತಾ ಬಂದರು. ಜೊತೆಗೆ ಥಯಾಮಿನ್ ಇಂಜೆಕ್ಷನ್, ಅಂದರೆ ವಿಟಮಿನ್ ಬಿ1. ಜಾಸ್ತಿ ಕುಡಿಯುವ ಅನೇಕರ ಮೈಯಲ್ಲಿ ಇದು ಕಡಿಮೆಯಾಗಿರುತ್ತದೆ. ಹಳ್ಳಿ ಕಡೆ ಸುಸ್ತಾಗಿ ಬಿದ್ದವನಿಗೆ ಸುಮ್ನೆ ಗ್ಲೂಕೋಸ್ ಏರಿಸಿ ಕಳಿಸುವ ಅಭ್ಯಾಸವಿದೆ ಅಲ್ವಾ? ಥಯಾಮಿನ್ ಕೊಡದೆ ಗ್ಲೂಕೋಸ್ ಏರಿಸಿದರೆ ಮೆದುಳಿಗೇ ಪೆಟ್ಟು ಬೀಳಬಹುದು. ಇದು ಪ್ರತಿ ಮನೆಯವರಿಗೂ ಗೊತ್ತಿರಬೇಕು.

ಜೊತೆಗೆ ಮನೆಯವರು ಒಬ್ಬರು ಇರಬೇಕಿತ್ತು. ತಮ್ಮನ ಹೆಂಡತಿ ಇದ್ದಳು, ರಜೆ ಸಿಕ್ಕಾಗ ನಾನು ಇದ್ದೆ. ಕಷ್ಟವೇ. ಆದರೆ ಅದರಿಂದಲೇ ಅವಳಿಗೂ ಕೌನ್ಸೆಲಿಂಗ್ ಸಿಕ್ಕಿತು. ವರ್ಷಗಟ್ಟಲೆ ಹೊಡೆತ, ಸಾಲ, ಅವಮಾನ ತಿಂದವಳನ್ನು ಯಾರೋ ಕೂರಿಸಿ "ನೀವು ಹೇಗಿದ್ದೀರಮ್ಮ?" ಅಂತ ಕೇಳಿದ್ದು ಅದೇ ಮೊದಲು. ನನ್ನ ಪ್ರಕಾರ ಆ ಚಿಕಿತ್ಸೆಯಲ್ಲಿ ಅತ್ಯಂತ ಒಳ್ಳೆಯ ಭಾಗ ಅದು.

ಇದಕ್ಕೂ ಮೊದಲು ಒಂದು ಖಾಸಗಿ ರಿಹ್ಯಾಬ್‌ಗೆ ಹೋಗಿ ವಿಚಾರಿಸಿದ್ದೆವು. ಮೂರು ತಿಂಗಳ ಹಣ ಮುಂಚೆಯೇ ಕಟ್ಟಬೇಕು, ಮೊದಲ ತಿಂಗಳು ಮನೆಯವರು ನೋಡುವ ಹಾಗಿಲ್ಲ, ಒಪ್ಪದಿದ್ದರೆ ನಾವೇ ಗಾಡಿ ಕಳಿಸಿ ಎತ್ತಿಕೊಂಡು ಬರುತ್ತೇವೆ ಅಂದರು. ರಾತ್ರಿ ವೈದ್ಯರು ಯಾರಿರುತ್ತಾರೆ ಅಂತ ಕೇಳಿದರೆ ಉತ್ತರವಿಲ್ಲ. ಅಲ್ಲಿಂದ ಎದ್ದು ಬಂದೆವು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಕುಡಿತದ ಚಟಕ್ಕೂ ಅನ್ವಯಿಸುತ್ತದೆ. ಇಂಥ ಕೇಂದ್ರ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಣಿ ಆಗಿರಬೇಕು. ಪತ್ರ ತೋರಿಸಿ ಅಂತ ಧೈರ್ಯವಾಗಿ ಕೇಳಿ. ಕೈಕಾಲು ಕಟ್ಟಿ ಎತ್ತಿಕೊಂಡು ಹೋಗುವುದಕ್ಕೆ ಯಾವ ಮನೆಯವರೂ ಹಣ ಕೊಡಬಾರದು. ಹಾಗೆ ಹೋದವನು ವಾಪಸ್ ಬಂದ ಮೇಲೆ ಮನೆಯವರನ್ನು ನಂಬುತ್ತಾನಾ?

ಇನ್ನು ಓಪಿಡಿ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ನಮ್ಮ ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುತ್ತಾರೆ. ನನ್ನ ತಮ್ಮ ಮಂಡಿಯ ಮಾಲೀಕರಿಗೆ ಹೇಳಿ ಬೆಳಿಗ್ಗೆ ಹೋಗಿ ತೋರಿಸಿ, ಮಧ್ಯಾಹ್ನಕ್ಕೆ ಕೆಲಸಕ್ಕೆ ಹಾಜರಾಗುತ್ತಾನೆ. ಕೂಲಿ ತಪ್ಪಿದರೆ ಮನೆ ನಡೆಯದವರಿಗೆ ಇದು ದೊಡ್ಡ ಅನುಕೂಲ. ಕುಡಿಯುವ ಆಸೆ ತಗ್ಗಿಸುವ ನಾಲ್ಟ್ರೆಕ್ಸೋನ್ ಮಾತ್ರೆ ದಿನಕ್ಕೊಂದು, ಆಗಾಗ ಲಿವರ್ ಪರೀಕ್ಷೆ. ಒಮ್ಮೊಮ್ಮೆ ಮಾತ್ರೆ ಸ್ಟಾಕ್ ಇರುವುದಿಲ್ಲ, ಹೊರಗೆ ಕೊಳ್ಳಬೇಕು. ಅದೊಂದು ಕೊರತೆ. ಸಂಬಳ ಬಂದ ದಿನ, ಮದುವೆ ಮನೆ, ಹಳೆ ಗೆಳೆಯರ ಫೋನು, ಇದೆಲ್ಲ ವಾರ್ಡಿನೊಳಗೆ ಇರುವುದಿಲ್ಲ. ಊರಿನಲ್ಲಿ ಇರುತ್ತದೆ. ಜಾತ್ರೆ ಸಮಯದಲ್ಲಿ ತಮ್ಮ ಒಮ್ಮೆ ಜಾರಿದ. ತಾನೇ ಹೋಗಿ ವೈದ್ಯರಿಗೆ ಹೇಳಿದ. ಅವರು ಬೈಯಲಿಲ್ಲ, ಯಾರ ಜೊತೆ, ಎಷ್ಟು ಹೊತ್ತಿಗೆ, ಅದಕ್ಕೆ ಮುಂಚೆ ಮನಸ್ಸಿನಲ್ಲಿ ಏನಿತ್ತು ಅಂತ ಕೇಳಿ ಮುಂದಿನ ವಾರವೇ ಬರಲು ಹೇಳಿದರು.

ನನ್ನ ಸಹೋದ್ಯೋಗಿಯ ಗಂಡನಿಗೆ ಓಪಿಡಿಯೇ ಸಾಕಾಯಿತು. ಅವರಿಗೆ ಫಿಟ್ಸ್ ಬಂದಿರಲಿಲ್ಲ, ಬೇರೆ ಕಾಯಿಲೆ ಇರಲಿಲ್ಲ, ಮಾತ್ರೆ ಕೊಟ್ಟು ನೋಡಿಕೊಳ್ಳಲು ಮನೆಯಲ್ಲಿ ಜನ ಇದ್ದರು. ಇಂಥವರನ್ನು ಬಲವಂತವಾಗಿ ತಿಂಗಳುಗಟ್ಟಲೆ ಎಲ್ಲೋ ಇಡುವ ಅಗತ್ಯವೇ ಇಲ್ಲ. ಧರ್ಮಸ್ಥಳದವರು ಹಳ್ಳಿಗಳಲ್ಲಿ ನಡೆಸುವ ಮದ್ಯವರ್ಜನ ಶಿಬಿರದಿಂದ ಬಿಟ್ಟವರೂ ನಮ್ಮೂರಲ್ಲಿದ್ದಾರೆ. ಹತ್ತಾರು ಜನ ಒಟ್ಟಿಗೆ ಬಿಡುವಾಗ ಸಿಗುವ ಬಲ ದೊಡ್ಡದು. ಫಿಟ್ಸ್ ಬಂದ ಚರಿತ್ರೆ ಇದ್ದವರು ಮಾತ್ರ ಮೊದಲು ವೈದ್ಯರನ್ನು ಕಂಡೇ ಹೋಗಲಿ.

"ಅವರಿಗೆ ಗೊತ್ತಾಗದ ಹಾಗೆ ಊಟದಲ್ಲಿ ಬೆರೆಸಿ ಕೊಡಿ" ಅನ್ನುವ ಜಾಹೀರಾತು ನಂಬಬೇಡಿ, ದಯವಿಟ್ಟು. ಡೈಸಲ್ಫಿರಾಮ್ ಎನ್ನುವ ಮಾತ್ರೆಯನ್ನು ಹೀಗೆ ಕದ್ದು ಕೊಡುವವರಿದ್ದಾರೆ. ಅದರ ಮೇಲೆ ಕುಡಿದರೆ ಮುಖ ಕೆಂಪಾಗಿ, ವಾಂತಿಯಾಗಿ, ಎದೆ ಬಡಿತ ಏರಿ, ಬಿ.ಪಿ. ಕುಸಿದು ಪ್ರಾಣಕ್ಕೇ ಕುತ್ತು ಬರಬಹುದು. ತಿನ್ನುವವನಿಗೆ ಗೊತ್ತಿದ್ದು, ಒಪ್ಪಿ, ವೈದ್ಯರ ನಿಗಾದಲ್ಲಿ ಮಾತ್ರ ಅದು ಔಷಧ.

ಎಲ್ಲಿಗೆ ಹೋಗಬೇಕು ಅಂತಲೇ ತಿಳಿಯದಿದ್ದರೆ 14446ಕ್ಕೆ ಫೋನ್ ಮಾಡಿ. ಅದು ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು. ಮೊದಲ ಸಲ ಆಸ್ಪತ್ರೆಗೆ ಹೋಗುವಾಗ ದಿನಕ್ಕೆ ಎಷ್ಟು, ಕೊನೆಯ ಸಲ ಕುಡಿದದ್ದು ಎಷ್ಟು ಹೊತ್ತಿಗೆ, ಹಿಂದೆ ಫಿಟ್ಸ್ ಬಂದಿತ್ತಾ, ಬೇರೆ ಏನು ಮಾತ್ರೆ ತಗೊಳ್ತಾರೆ, ಇಷ್ಟನ್ನು ಮುಚ್ಚಿಡದೆ ಹೇಳಿ. ಕುಡಿಯದೆ ಹೋಗಲಿ ಅಂತ ಎರಡು ದಿನ ರೂಮಿನಲ್ಲಿ ಕೂಡಿ ಹಾಕಬೇಡಿ. ಕುಡಿದಿದ್ದರೂ ಪರವಾಗಿಲ್ಲ, ಹಾಗೇ ಕರೆದುಕೊಂಡು ಹೋಗಿ.