ಮರಿ ಸಾಕಲು ಹೇಂಟೆಯೋ, ಬಲ್ಬೋ?

ಹತ್ತು ಮರಿಗಳಿಗಾದರೆ ಕಾವು ಕೂತ ಹೇಂಟೆಯೇ ವಾಸಿ. ಕರೆಂಟು ಬೇಡ, ಮೇಯುವುದನ್ನೂ ಅದೇ ಕಲಿಸುತ್ತದೆ; ಹಿಂಡಿನ ಕೋಳಿಗಳು ಕುಕ್ಕಲು ಬಂದರೆ ರೆಕ್ಕೆ ಕೆದರಿ ಅಟ್ಟುತ್ತದೆ. ಹದ್ದು, ಕಾಗೆಯ ಕಾಟಕ್ಕೆ ಮಾತ್ರ ಮಂಕರಿ ಕವುಚಲೇಬೇಕು.

ಗಿರಿರಾಜ ತಳಿಯ ಐವತ್ತು ಮರಿ ತಂದರೆ ಬಲ್ಬೇ ಗತಿ. ಮೊದಲ ವಾರ 35 ಡಿಗ್ರಿ ಸೆಲ್ಸಿಯಸ್, ಆಮೇಲೆ ವಾರಕ್ಕೆ ಸುಮಾರು 3 ಡಿಗ್ರಿ ಇಳಿಸಿ. ಮರಿಗಳನ್ನೇ ಗಮನಿಸಿ: ಬಲ್ಬಿನಡಿ ಒತ್ತೊತ್ತಿ ಕೂತು ಚೀರಿದರೆ ಚಳಿ, ದೂರ ಸರಿದು ಬಾಯಿ ತೆರೆದರೆ ಸೆಕೆ. ನಿಜವಾದ ಕಷ್ಟ ಹಿಂಡಿಗೆ ಸೇರಿಸುವಾಗ, ಏಕೆಂದರೆ ಕಾಯುವ ತಾಯಿಯಿಲ್ಲ. ಎಂಟು ವಾರ ದಾಟಿದ ಮೇಲೆ ಎರಡು ವಾರ ಜಾಲರಿಯಾಚೆ ಇಟ್ಟು, ನಂತರ ಬಿಡಿ. ಮೇವು, ನೀರು ಎರಡೆರಡು ಕಡೆ ಇರಲಿ. ಮೊಟ್ಟೆಕೋಳಿಯ ಫೀಡ್‌ನಲ್ಲಿ ಕ್ಯಾಲ್ಸಿಯಂ ಹೆಚ್ಚು, ಅದು ಮರಿಗಳ ಮೂತ್ರಪಿಂಡ ಕೆಡಿಸುತ್ತದೆ. ಎಲ್ಲಕ್ಕೂ ಗ್ರೋವರ್ ಫೀಡ್ (ಬೆಳೆಯುವ ಕೋಳಿಗಳ ಮೇವು) ಹಾಕಿ, ಮೊಟ್ಟೆಕೋಳಿಗಳ ಕ್ಯಾಲ್ಸಿಯಂಗೆ ಕಪ್ಪೆಚಿಪ್ಪಿನ ಚೂರನ್ನು ಬೇರೆ ಬಟ್ಟಲಲ್ಲಿಡಿ.